ನಾಲ್ಕು ತರಫು, ಒಂದು ಸಾಮ್ರಾಜ್ಯ: ಫೋನಿನಲ್ಲೇ ಅಂತರಿಕ್ಷದ ಆಟ ಕಟ್ಟುವ ಬಗೆ

ಅಂತರಿಕ್ಷದ ಸಾಮ್ರಾಜ್ಯ ಅಂದಕೂಡಲೇ ಹುಡುಗರ ಕಣ್ಣಿಗೆ ಕಟ್ಟುವುದು ಇಂಗ್ಲಿಷ್ ಸಿನಿಮಾ. ಕರಿ ನಿಲುವಂಗಿಯ ಚಕ್ರವರ್ತಿ, ಬೆಳಕಿನ ಕತ್ತಿ, ಸಿಡಿದು ಚೂರಾಗುವ ಗ್ರಹ. ಆಳಂದ, ಅಫಜಲಪುರ, ಜೇವರ್ಗಿ ಕಡೆಯವರು ಅಷ್ಟು ದೂರ ಹೋಗಬೇಕಾಗಿಲ್ಲ. 1347ರಲ್ಲಿ ದಖ್ಖನಿನ ಅಮೀರರು ದಿಲ್ಲಿಯ ಸುಲ್ತಾನನಿಗೆ ತಿರುಗಿಬಿದ್ದು ಬಹಮನಿ ರಾಜ್ಯ ಕಟ್ಟಿದರು, ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು. ಆರಂಭದಲ್ಲಿ ಆ ರಾಜ್ಯಕ್ಕೆ ನಾಲ್ಕು ತರಫುಗಳಿದ್ದವು: ಕಲಬುರಗಿ, ದೌಲತಾಬಾದ್, ಬೀದರ್, ಬೇರಾರ್. ತರಫಿಗೊಬ್ಬ ತರಫದಾರ. ಅವನ ಕೈಯಲ್ಲಿ ದಂಡು, ಕೋಟೆ, ವಸೂಲಿ. ದೂರದ ದರಬಾರು, ಬಲಿತ ಪ್ರಾಂತ, ತಡವಾಗಿ ಮುಟ್ಟುವ ಸುದ್ದಿ, ನಡುವೆ ಒಬ್ಬರನ್ನೊಬ್ಬರು ನಂಬದ ಮಂದಿ. ಅಂತರಿಕ್ಷ ಸಾಮ್ರಾಜ್ಯದ ಆಟಕ್ಕೆ ಇದಕ್ಕಿಂತ ಹೆಚ್ಚಿನದೇನೂ ಬೇಡ. ಕೋಟೆ ಇದ್ದಲ್ಲಿ ಗ್ರಹ ಇಡಿ, ಕುದುರೆ ಇದ್ದಲ್ಲಿ ಹಡಗು ಇಡಿ.

ಇದು ಬಟನ್ ಒತ್ತಿ ಗುಂಡು ಹಾರಿಸುವ ಗೇಮ್ ಅಲ್ಲ. ನಾಲ್ಕೈದು ಜನ ಸೇರಿ, ತಲೆಗೊಂದು ಪಾತ್ರ ಹಿಡಿದು, ಮಾತಿನಲ್ಲಿ ಅಥವಾ ಬರಹದಲ್ಲಿ ಕಥೆಯನ್ನು ಮುಂದಕ್ಕೆ ಒಯ್ಯುವ ಆಟ. ಒಬ್ಬರು ಲೋಕವನ್ನು ನಡೆಸುತ್ತಾರೆ. ಉಳಿದವರು 'ನನ್ನ ಪಾತ್ರ ಹೀಗೆ ಮಾಡುತ್ತದೆ' ಎನ್ನುತ್ತಾರೆ. ಗೆಲುವು ಸೋಲು ಅನುಮಾನವಿದ್ದಾಗ ದಾಳ ಹಾಕುತ್ತಾರೆ. ಅಮೆರಿಕದಲ್ಲಿ 1974ರಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಬಗೆಯ ಆಟಕ್ಕೆ ಹಾದಿ ಹಾಕಿತು. 1977ರಲ್ಲಿ ಮಾರ್ಕ್ ಮಿಲ್ಲರ್ 'ಟ್ರಾವೆಲರ್' ತಂದು ಅದನ್ನು ನಕ್ಷತ್ರಗಳಿಗೆ ಏರಿಸಿದರು. ನಮ್ಮ ಕಡೆಯ ದೊಡ್ಡಾಟ ನೋಡಿದವರಿಗೆ ಅರ್ಧ ಆಟ ಆಗಲೇ ಗೊತ್ತು. ವೇಷ ರಂಗಕ್ಕೆ ಬಂದೊಡನೆ ಸಾರಥಿ ಎದುರು ನಿಂತು ನೀವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನಲ್ಲ, ಈ ಆಟವನ್ನು ನಡೆಸುವವರ ಕೆಲಸವೂ ಅದೇ. ಇಂಗ್ಲಿಷಿನ 'ಗೇಮ್ ಮಾಸ್ಟರ್' ಬಿಟ್ಟು ಅವರನ್ನು ಸಾರಥಿ ಎಂದೇ ಕರೆಯೋಣ.

ಮಂದಿ ಎಲ್ಲಿಂದ

ಸಾರಥಿ ಒಬ್ಬರು, ಆಡುವವರು ಮೂರರಿಂದ ಐದು. ಇದಕ್ಕಿಂತ ಹೆಚ್ಚಾದರೆ ತನ್ನ ಸರದಿ ಬರುವ ಹೊತ್ತಿಗೆ ಅರ್ಧ ಜನ ಮರೆತಿರುತ್ತಾರೆ. 'ಗ್ರೂಪಿಗೆ ಐವತ್ತು ಜನರನ್ನು ಸೇರಿಸ್ತೀನಿ' ಎನ್ನುವ ಉತ್ಸಾಹಿ ಎಲ್ಲ ಕಡೆ ಒಬ್ಬ ಇರುತ್ತಾನೆ. ಅವನಿಗೆ ಮೊದಲ ದಿನವೇ ಬೇಡ ಅನ್ನಿ.

ಈ ಮೂರು ತಾಲ್ಲೂಕಿನ ಹುಡುಗ ಹುಡುಗಿಯರು ಒಂದೇ ಊರಲ್ಲಿ ಉಳಿಯುವುದು ಪಿಯುಸಿವರೆಗೆ. ಆಮೇಲೆ ಕೆಲವರು ಕಲಬುರಗಿ, ಕೆಲವರು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯ, ಇನ್ನು ಕೆಲವರು ಪುಣೆ, ಹೈದರಾಬಾದ್, ಬೆಂಗಳೂರು. ಆನ್‌ಲೈನ್ ಆಟದ ನಿಜವಾದ ಉಪಯೋಗ ಇಲ್ಲಿದೆ: ಚದುರಿದವರನ್ನು ಸೇರಿಸುತ್ತದೆ. ಒಬ್ಬ ಪುಣೆಯ ರೂಮಿನಲ್ಲಿ, ಒಬ್ಬಳು ಹಾಸ್ಟೆಲಿನಲ್ಲಿ, ಮತ್ತೊಬ್ಬ ಊರಲ್ಲೇ ಅಂಗಡಿಯ ಗಲ್ಲೆಯ ಮೇಲೆ ಕೂತಿದ್ದರೂ ಆಟ ನಡೆಯುತ್ತದೆ, ಏಕೆಂದರೆ ಎಲ್ಲರೂ ಒಂದೇ ಹೊತ್ತಿಗೆ ಸಿಗಬೇಕೆಂಬ ಕಟ್ಟುಪಾಡು ಇಲ್ಲ. ವಿಡಿಯೋ ಕಾಲ್ ಹಚ್ಚಿ ಆಡುವವರೂ ಇದ್ದಾರೆ. ಆದರೆ ನೆಟ್‌ವರ್ಕು ಒಂದು ಕಡ್ಡಿಗೆ ಇಳಿಯುವ, ಕರೆಂಟು ಹೇಳದೆ ಹೋಗುವ ಊರುಗಳಿಗೆ ಬರಹದ ಆಟವೇ ಸೈ.

ನಿಧಾನವೇ ಇದರ ಗುಣ. ಟ್ರಾವೆಲರ್ ಆಟದಲ್ಲಿ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹಡಗು ನೆಗೆಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಹಡಗಿಗಿಂತ ವೇಗವಾಗಿ ಸುದ್ದಿ ಹೋಗುವ ದಾರಿಯೂ ಇಲ್ಲ. ಈ ಒಂದು ನಿಯಮ ಎತ್ತಿಕೊಳ್ಳಿ. ಆಟದ ಒಂದು ಸುತ್ತು ಅಂದರೆ ಒಂದು ವಾರ. ಭಾನುವಾರ ಸಂಜೆ ಸಾರಥಿ ಸ್ಥಿತಿ ಹೇಳುತ್ತಾರೆ, ಶುಕ್ರವಾರ ರಾತ್ರಿಯೊಳಗೆ ಎಲ್ಲರೂ ತಮ್ಮ ನಡೆ ಬರೆಯುತ್ತಾರೆ, ಶನಿವಾರ ಸಾರಥಿ ಫಲ ಬರೆಯುತ್ತಾರೆ. ಯಾರದಾದರೂ ಉತ್ತರ ತಡವಾದರೆ ಅದೂ ಕಥೆಯೇ: ದೂತರ ಹಡಗು ಇನ್ನೂ ಮುಟ್ಟಿಲ್ಲ.

ನಕ್ಷೆ ನದಿಯಿಂದ ತೆಗೆಯಿರಿ

ಹೊಸಬರು ಮೊದಲ ರಾತ್ರಿಯೇ ನಲವತ್ತು ಗ್ರಹಗಳಿಗೆ ಹೆಸರಿಟ್ಟು, ಎರಡನೇ ವಾರ ಒಂದನ್ನೂ ನೆನಪಿಡದೆ ಕೂರುತ್ತಾರೆ. ನಾಲ್ಕು ಸಾಕು. ಆ ನಾಲ್ಕರ ನಡುವಿನ ಸಂಬಂಧವನ್ನು ನಮ್ಮ ನದಿಗಳು ಆಗಲೇ ಬರೆದಿಟ್ಟಿವೆ.

ಅಮರ್ಜಾ ನದಿಗೆ ಆಳಂದ ತಾಲ್ಲೂಕಿನ ಕೊರಳ್ಳಿ ಹತ್ತಿರ ಅಣೆಕಟ್ಟು ಇದೆ. ಈ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆಗೆ ಮೇಲುಗಡೆ, ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿ, ಉಜನಿ ಜಲಾಶಯ. ಅಫಜಲಪುರ ತಾಲ್ಲೂಕಿನಲ್ಲೇ ಸೊನ್ನ ಬ್ಯಾರೇಜು. ಅದರ ಕೆಳಗೆ ಜೇವರ್ಗಿ. ಬೇಸಿಗೆಯಲ್ಲಿ ಮೇಲಿನವರು ನೀರು ಬಿಡಲಿಲ್ಲವೆಂದು ಕೂಗು. 2020ರ ಅಕ್ಟೋಬರಿನಲ್ಲಿ ಅದೇ ಮೇಲಿನಿಂದ ಬಂದ ನೀರಿಗೆ ಭೀಮಾ ದಂಡೆಯ ಹಳ್ಳಿಗಳು ಮುಳುಗಿದವು. ಭೀಮಾ ತೀರ ಅಂದರೆ ಸಿನಿಮಾದವರಿಗೆ ಬಂದೂಕು ಮಾತ್ರ ಕಾಣುತ್ತದೆ. ನಿಜವಾದ ನಾಟಕ ಇರುವುದು ಗೇಟಿನಲ್ಲಿ.

ಇದನ್ನು ಆಕಾಶಕ್ಕೆ ಎತ್ತಿ. ಮೇಲಿನ ತರಫು, ಅದರ ಹಿಡಿತ ಸಾರಥಿಯ ಕೈಯಲ್ಲೇ ಇರಲಿ, ಯಾವ ಆಟಗಾರನಿಗೂ ಕೊಡಬೇಡಿ. ಉಪನದಿಯ ತರಫು: ಒಣ ನೆಲ, ಆದರೆ ಧಾನ್ಯ ಸಮೃದ್ಧ. ಸಂಗಮದ ತರಫು: ದೊಡ್ಡ ದ್ವಾರ ಇವರದು. ಕೆಳಗಿನ ತರಫು: ಎಲ್ಲರಿಗಿಂತ ಹೆಚ್ಚು ಹಡಗು ಕಟ್ಟುವವರು, ಎಲ್ಲರಿಗಿಂತ ಕೊನೆಗೆ ನೀರು ಕಾಣುವವರು. ಅಂತರಿಕ್ಷದಲ್ಲಿ ನೀರಿಗೇನು ಕೆಲಸ ಎಂದು ಯಾರಾದರೂ ನಕ್ಕರೆ, ಚಂದ್ರನ ಮೇಲೆ ನೀರಿನ ಅಣುಗಳಿರುವುದನ್ನು ಚಂದ್ರಯಾನ-1 ತೋರಿಸಿಕೊಟ್ಟ ಸುದ್ದಿ 2009ರಲ್ಲಿ ಯಾಕೆ ಅಷ್ಟು ದೊಡ್ಡದಾಯಿತು ಎಂದು ಕೇಳಿ. ನೀರನ್ನು ಒಡೆದರೆ ಜಲಜನಕ ಮತ್ತು ಆಮ್ಲಜನಕ. ಒಂದು ಇಂಧನ, ಇನ್ನೊಂದು ಅದನ್ನು ಉರಿಸಲಿಕ್ಕೂ ಉಸಿರಾಡಲಿಕ್ಕೂ ಬೇಕಾದದ್ದು. ಹಿಮದ ಗ್ರಹವನ್ನು ಹಿಡಿದವನ ಕೈಯಲ್ಲಿ ಎಲ್ಲರ ಹಡಗಿನ ಕೀಲಿ.

ಲೆಕ್ಕ ಸರಳ ಇರಲಿ. ಪ್ರತಿ ತರಫಿಗೆ ಮೂರೇ ಸಂಗತಿ: ನೀರು, ಧಾನ್ಯ, ಹಡಗು. ಮೂರೂ ಮೂರರಿಂದ ಶುರು. ವಾರಕ್ಕೆ ಒಂದು ನೀರು, ಒಂದು ಧಾನ್ಯ ಖರ್ಚು. ಭಾನುವಾರ ಸಾರಥಿ ಒಂದು ದಾಳ ಹಾಕಿ ಮೇಲಿನಿಂದ ಎಷ್ಟು ನೀರು ಬಂತೆಂದು ಹೇಳಬೇಕು. ಸಂಗಮದವರು ತಮಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಕೆಳಗೆ ಬಿಡುತ್ತಾರೆ. ಎಷ್ಟು ಬಿಡಬೇಕೆಂಬ ನಿಯಮ ಇಲ್ಲ, ಅದೇ ಆಟ. ಒಂದು ಬಿದ್ದರೆ ಬರ. ಆರು ಬಿದ್ದರೆ ಪ್ರವಾಹ: ದ್ವಾರ ಮುಚ್ಚಿದರೆ ಸಂಗಮಕ್ಕೆ ಪೆಟ್ಟು, ಒಮ್ಮೆಲೇ ತೆರೆದರೆ ಕೆಳಗಿನವರಿಗೆ. ಎರಡು ವಾರ ನೀರಿಲ್ಲದ ತರಫು ಒಂದು ಹಡಗು ಕಳೆದುಕೊಳ್ಳುತ್ತದೆ. ಧಾನ್ಯದ ಗ್ರಹಕ್ಕೆ ನಡುವೆ ಒಮ್ಮೆ ನೆಟೆ ರೋಗ ತಗುಲಿಸಿ. ಒಂದೇ ಬೆಳೆ ನಂಬಿದ ಗ್ರಹದ ಪಾಡು ಏನಾಗುತ್ತದೆ ಎಂದು ತೊಗರಿ ನಾಡಿನ ಮಕ್ಕಳಿಗೆ ವಿವರಿಸಬೇಕಾಗಿಲ್ಲ.

ಆಟಕ್ಕೆ ಮುಂಚಿನ ಇತಿಹಾಸವನ್ನು ಸಾರಥಿ ಒಬ್ಬರೇ ಕೂತು ಬರೆಯಬಾರದು. ಬೆನ್ ರಾಬಿನ್ಸ್ ಅವರ 'ಮೈಕ್ರೋಸ್ಕೋಪ್' ಎಂಬ ಆಟದಲ್ಲಿ ಒಳ್ಳೆಯ ಉಪಾಯವೊಂದಿದೆ: ಮೊದಲು ಕಾಲದ ಎರಡು ತುದಿ ಎಲ್ಲರೂ ಸೇರಿ ಗೊತ್ತುಮಾಡುವುದು, ಆಮೇಲೆ ಒಬ್ಬೊಬ್ಬರಾಗಿ ನಡುವಿನ ಘಟನೆಗಳನ್ನು ತುಂಬುವುದು, ಹಿಂದುಮುಂದು ಹೇಗೆ ಬೇಕೋ ಹಾಗೆ. ಜೊತೆಗೆ ನಮ್ಮ ಲೋಕದಲ್ಲಿ ಏನು ಇರಲೇಬೇಕು, ಏನು ಇರಲೇಕೂಡದು ಎಂಬ ಎರಡು ಪಟ್ಟಿ. ತಾನು ಬರೆದ ಯುದ್ಧದ ಮೇಲೆ ಆಟಗಾರನಿಗೆ ಮಮತೆ ಹುಟ್ಟುತ್ತದೆ. ಮೂರನೇ ವಾರ ಅವನು ಗ್ರೂಪು ಬಿಟ್ಟು ಹೋಗುವುದಿಲ್ಲ.

ಪಾತ್ರಕ್ಕೆ ಸಾರಥಿಯ ಮೂರು ಪ್ರಶ್ನೆ ಸಾಕು. ನೀನು ಯಾರು, ಯಾರ ಋಣದಲ್ಲಿದ್ದೀಯ, ಯಾರಿಗೂ ಹೇಳದ ಗುಟ್ಟು ಏನು? ಮೂರನೆಯದರ ಉತ್ತರ ಸಾರಥಿಗೆ ಮಾತ್ರ, ಖಾಸಗಿ ಮೆಸೇಜಿನಲ್ಲಿ. ಎಲ್ಲರೂ ತರಫದಾರರೇ ಆಗಬೇಕೆಂದಿಲ್ಲ. ದ್ವಾರದ ಇಂಜಿನಿಯರು, ಸಾಲ ಕೊಡುವ ವ್ಯಾಪಾರಿ, ಊರೂರಿಗೆ ಸುದ್ದಿ ಒಯ್ಯುವ ಹಡಗಿನ ಕ್ಯಾಪ್ಟನ್ ಇವರೇ ಎಷ್ಟೋ ಸಲ ಕಥೆಯನ್ನು ಗೆಲ್ಲಿಸುತ್ತಾರೆ.

ದಾಳದ ನ್ಯಾಯ

ಎರಡು ದಾಳ ಹಾಕಿ ಕೂಡಿಸಿ. ಹತ್ತು ಅಥವಾ ಹೆಚ್ಚು ಬಿದ್ದರೆ ಅಂದುಕೊಂಡಂತೆ ಆಯಿತು. ಏಳರಿಂದ ಒಂಬತ್ತು: ಆಯಿತು, ಆದರೆ ಬೆಲೆ ತೆರಬೇಕು. ಆರು ಮತ್ತು ಕೆಳಗೆ: ಆಗಲಿಲ್ಲ, ಮೇಲೆ ಹೊಸದೊಂದು ಪೀಕಲಾಟ. ಎರಡು ದಾಳ ಬೀಳುವ 36 ಬಗೆಗಳಲ್ಲಿ 6 ಪೂರ್ಣ ಗೆಲುವು, 15 ಬೆಲೆಯ ಗೆಲುವು, 15 ಸೋಲು. ಪಾತ್ರಕ್ಕೆ ಆ ಕೆಲಸದಲ್ಲಿ ಪಳಗಿದ ಕೈ ಇದ್ದರೆ ಮೊತ್ತಕ್ಕೆ ಒಂದು ಕೂಡಿಸಿ. ಆಗ ಲೆಕ್ಕ 10, 16, 10 ಆಗುತ್ತದೆ. ಒಂದೇ ಒಂದು ಅಂಕೆ ಎಷ್ಟು ಬದಲಿಸುತ್ತದೆ ನೋಡಿ. ಆದ್ದರಿಂದ ಎರಡು, ಮೂರು ಎಂದು ಧಾರಾಳವಾಗಿ ಹಂಚಬೇಡಿ. ಆಟಕ್ಕೆ ರುಚಿ ಕೊಡುವುದು ನಡುವಿನ ಆ ಬೆಲೆಯ ಗೆಲುವು.

ದಾಳ ಕಾಣದ ಕಡೆ ಹಾಕಿದರೆ ಜಗಳ ಗ್ಯಾರಂಟಿ. ಟೆಲಿಗ್ರಾಮಿನಲ್ಲಿ ದಾಳದ ಇಮೋಜಿ ಒಂದನ್ನೇ ಕಳಿಸಿದರೆ ಅದು ಎಲ್ಲರ ಎದುರು ಉರುಳಿ ಒಂದು ಸಂಖ್ಯೆಗೆ ನಿಲ್ಲುತ್ತದೆ. ಕಳಿಸಿದವನು ಸಂಖ್ಯೆ ಆರಿಸಲಾಗದು. ಅಳಿಸಿ ಮತ್ತೆ ಹಾಕಲು ಮಾತ್ರ ಬರುತ್ತದೆ, ಅದಕ್ಕೇ ಆಟದ ಗ್ರೂಪಿನಲ್ಲಿ ಯಾವ ಮೆಸೇಜನ್ನೂ ಅಳಿಸಬಾರದು, ತಿದ್ದಬಾರದು ಎಂಬ ನಿಯಮ ಮೊದಲ ದಿನವೇ ಹಾಕಿ.

ಎಲ್ಲಿ ಆಡುವುದು

ವಾಟ್ಸಾಪ್ ಎಲ್ಲರ ಫೋನಿನಲ್ಲೂ ಇದೆ ಅನ್ನುವುದು ಅದರ ದೊಡ್ಡ ಲಾಭ. ತೊಂದರೆ ಏನೆಂದರೆ ಗ್ರೂಪಿಗೆ ಸೇರಿದವರ ನಂಬರು ಉಳಿದ ಎಲ್ಲರಿಗೂ ಕಾಣುತ್ತದೆ. ಗೆಳೆಯರ ಗೆಳೆಯರು ಸೇರುವ ಆಟದಲ್ಲಿ, ಅದರಲ್ಲೂ ಹುಡುಗಿಯರಿಗೆ, ಇದು ಸಣ್ಣ ಮಾತಲ್ಲ. ಟೆಲಿಗ್ರಾಮಿನಲ್ಲಿ ನಂಬರು ಮುಚ್ಚಿಟ್ಟು ಹೆಸರಿನಿಂದಲೇ ಇರಬಹುದು, ದಾಳವೂ ಅಲ್ಲೇ ಇದೆ. ಡಿಸ್ಕಾರ್ಡಿನಲ್ಲಿ ಬೇರೆ ಬೇರೆ ಕೋಣೆ ಮಾಡಿ ಅಚ್ಚುಕಟ್ಟಾಗಿ ಆಡಬಹುದು, ಲ್ಯಾಪ್‌ಟಾಪ್ ಇರುವವರಿಗೆ ಅದು ಹಿತ. ಬರೀ ಫೋನಿನವರಿಗೆ ಕಲಿಯುವಷ್ಟರಲ್ಲಿ ಬೇಸರ ಬಂದಿರುತ್ತದೆ. ನನ್ನ ಮತ ಟೆಲಿಗ್ರಾಮಿಗೆ.

ಗ್ರೂಪು ಎರಡು ಮಾಡಿ. ಒಂದು ದರಬಾರು, ಅಲ್ಲಿ ಪಾತ್ರಗಳ ಮಾತು ಮತ್ತು ದಾಳ ಮಾತ್ರ. ಇನ್ನೊಂದು ಕಟ್ಟೆ, ಅಲ್ಲಿ ಹರಟೆ, ಜೋಕು, 'ನಾಳೆ ಪರೀಕ್ಷೆ ಅದ, ನನ್ನ ಸರದಿ ಬಿಡ್ರಿ' ಎಲ್ಲ. ಇವೆರಡು ಬೆರೆತರೆ ಹಿಂದಿನ ಕಥೆ ಹುಡುಕುವುದು ಯಾರಿಂದಲೂ ಆಗದು. ಇವುಗಳ ಪಕ್ಕದಲ್ಲಿ ಗೂಗಲ್ ಡಾಕ್ಸಿನ ಒಂದು ಕಡತ: ಅದು ದಫ್ತರ. ಯಾರ ಬಳಿ ಎಷ್ಟು ನೀರು, ಯಾರು ಯಾರಿಗೆ ಏನು ಮಾತು ಕೊಟ್ಟರು, ಯಾವ ವಾರ ಏನಾಯಿತು ಎಂದು ವಾರಕ್ಕೆ ನಾಲ್ಕು ಸಾಲು. ಸಾರಥಿಗೆ ಇದನ್ನೂ ಹೊರಿಸಬೇಡಿ. ಆಟಗಾರರಲ್ಲಿ ಒಬ್ಬರು ದಫ್ತರದವರಾಗಲಿ, ತಿಂಗಳಿಗೊಮ್ಮೆ ಬದಲಾಗಲಿ.

ಇನ್ನು ಭಾಷೆ. ಸಾಮ್ರಾಜ್ಯ ಅಂದಕೂಡಲೇ ಎಲ್ಲರೂ ಪೌರಾಣಿಕ ಸಿನಿಮಾದ ಡೈಲಾಗಿಗೆ ಹೊರಳುತ್ತಾರೆ. ಅದರ ಅಗತ್ಯ ಇಲ್ಲ. ಮನೆಯಲ್ಲಿ ಆಡುವ ಕನ್ನಡವೇ ಬರಲಿ. ಒಂದು ಗ್ರಹದವರು ದಖನಿ ಉರ್ದು ಬೆರೆಸಲಿ, ಇನ್ನೊಂದರವರು ಮರಾಠಿ, ತಾಂಡಾದಿಂದ ಬಂದ ಆಟಗಾರ್ತಿ ಇದ್ದರೆ ಅವಳ ಹಡಗಿನ ಮಂದಿ ಲಂಬಾಣಿಯಲ್ಲಿ ಗುಟ್ಟು ಮಾತಾಡಲಿ. ಫೋನಿನ ಧ್ವನಿ ಟೈಪಿಂಗ್ ಗ್ರಂಥದ ಕನ್ನಡವನ್ನು ಹಿಡಿದಷ್ಟು ಚಂದ ನಮ್ಮ 'ಮಾಡ್ಲಾಕತ್ತೀವಿ'ಯನ್ನು ಹಿಡಿಯುವುದಿಲ್ಲ, ಕೈಯಿಂದಲೇ ಒತ್ತಬೇಕು. ಒಂದು ಸುತ್ತು ಹೀಗೆ ಸಾಗಬಹುದು:

ಸಾರಥಿ: ಎಂಟನೇ ವಾರ. ದಾಳ ಆರು. ಮೇಲಿನ ದ್ವಾರದಿಂದ ತಾಕೀತು ಬಂದದ, ಹಿಮದ ಗಡ್ಡಿ ಒಡದದ, ಮೂರು ತಾಸಿನಾಗ ನಿಮ್ಮ ಗೇಟಿಗಿ ಮುಟ್ತದ. ತೆರೀತೀರೋ, ತಡೀತೀರೋ?

ಸಂಗಮದ ತರಫದಾರ: ತಡಿಯೂದು ಆಗಂಗಿಲ್ಲ. ಒಮ್ಮಿಗೇ ತೆರದ್ರ ಕೆಳಗಿನವ್ರು ಕೊಚ್ಚಿ ಹೋಗ್ತಾರ. ನಾಕು ಗೇಟು ಈಗ, ಉಳದದ್ದು ತಾಸಿಗೊಂದು. ಕೆಳಗ ದೂತರ ಹಡಗು ಕಳಸ್ಲಾಕತ್ತೀನಿ.

ಸಾರಥಿ: ಎರಡು ದಾಳ ಹಾಕ್ರಿ... ಎಂಟು. ದೂತ ಮುಟ್ಯಾನ, ಖರೆ ತಡಾ ಆಗ್ಯದ. ಕೆಳಗಿನ ಎರಡು ಹಡಗುಕಟ್ಟಿ ಹೋದವು. ಮಂದಿ ಉಳದಾರ.

ಕೆಳಗಿನ ತರಫದಾರ್ತಿ: ಮಂದಿ ಉಳದಾರ ಅಂತ ಹಲ್ಲು ಕಿಸೀಲೇನು? ಹ್ವಾದ ವಾರ ಹನಿ ನೀರು ಬಿಡಲಿಲ್ಲ, ಈ ವಾರ ಕೇಳದ ಬಿಟ್ರಿ. ದರಬಾರಿಗಿ ದೂರು ಬರೀತೀನಿ. ಅಲ್ಲೀತನ ನಿಮ್ಮ ಧಾನ್ಯದ ಹಡಗು ನನ್ನ ಬಂದರದಾಗೇ ಇರ್ತಾವ.

ನಾಲ್ಕು ಮೆಸೇಜು. ಒಂದು ಗುಂಡೂ ಹಾರಲಿಲ್ಲ, ಆದರೆ ಮುಂದಿನ ಮೂರು ವಾರದ ಕಥೆ ಸಿದ್ಧವಾಯಿತು.

ನಡುವೆ ಆಟ ಸಪ್ಪಗಾದರೆ ಇತಿಹಾಸದ ಕಡೆ ಮತ್ತೊಮ್ಮೆ ಕೈ ಚಾಚಿ. ಬಹಮನಿಗಳ ವಜೀರ ಮಹಮೂದ್ ಗವಾನ್ ತರಫದಾರರ ಬಲ ಮುರಿಯಲು ನಾಲ್ಕು ತರಫುಗಳನ್ನು ಎಂಟು ಮಾಡಿದ, ಒಬ್ಬೊಬ್ಬನ ಕೈಯಲ್ಲಿ ಒಂದೊಂದೇ ಕೋಟೆ ಉಳಿಸಿ ಮಿಕ್ಕವಕ್ಕೆ ದರಬಾರಿನಿಂದಲೇ ಕಿಲ್ಲೇದಾರರನ್ನು ಕಳಿಸಿದ. ಹೊಟ್ಟೆಯುರಿದ ವೈರಿಗಳು ಅವನ ಮೊಹರು ಬಿದ್ದ ಖಾಲಿ ಕಾಗದ ದೊರಕಿಸಿಕೊಂಡು, ಒಡಿಶಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆದಂತೆ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಗವಾನನ ತಲೆ ಹೋಯಿತು. ಹತ್ತು ವರ್ಷದೊಳಗೆ ತರಫುಗಳು ಒಂದೊಂದಾಗಿ ಸ್ವತಂತ್ರವಾಗತೊಡಗಿದವು. ನಿಮ್ಮ ಆಟದಲ್ಲೂ ಒಬ್ಬ ಆಟಗಾರ ಸಾರಥಿಗೆ ಗುಟ್ಟಾಗಿ ಬರೆದು ಇನ್ನೊಬ್ಬರ ಮೊಹರಿನ ಸುಳ್ಳು ಪತ್ರ ಹುಟ್ಟಿಸಬಹುದೆಂದು ಬಿಡಿ. ಮೂರು ತಿಂಗಳ ಸರಕು ಅದು.

ಆದರೆ ಕಟ್ಟು ತೆಗೆದುಕೊಳ್ಳಿ, ಹೆಸರು ತೆಗೆದುಕೊಳ್ಳಬೇಡಿ. ಸುಲ್ತಾನರು, ರಾಯರು, ಶರಣರು, ಸೂಫಿಗಳು ನಿಜದ ಹೆಸರಲ್ಲಿ ಬಂದರೆ ಎರಡನೇ ವಾರಕ್ಕೆ ಗ್ರೂಪಿನಲ್ಲಿ ನಡೆಯುವುದು ಬೇರೆಯೇ ಯುದ್ಧ. ಗ್ರಹಗಳನ್ನು ಇಂದಿನ ಜಾತಿ, ಧರ್ಮ, ಪಕ್ಷಗಳ ಪ್ರತಿರೂಪ ಮಾಡುವುದೂ ಬೇಡ. ಹಿಂಸೆ, ಹೆಣ್ಣಿನ ಮೇಲಿನ ದೌರ್ಜನ್ಯ ಇಂಥವು ಎಷ್ಟರಮಟ್ಟಿಗೆ ಬರಬಹುದು ಎಂದು ಮೊದಲೇ ಮಾತಾಡಿಕೊಳ್ಳಿ. ಯಾರಿಗಾದರೂ ಕಸಿವಿಸಿಯಾದರೆ 'ಎಕ್ಸ್' ಅಂತ ಒಂದು ಅಕ್ಷರ ಹಾಕಲಿ. ಯಾಕೆ ಎಂದು ಕೇಳದೆ ಆ ದೃಶ್ಯ ಬಿಟ್ಟು ಮುಂದೆ ಹೋಗುವುದು ಹಲವು ದೇಶಗಳ ಆಟಗಾರರು ಪಾಲಿಸುವ ಪದ್ಧತಿ.

ಹಣದ ವಿಷಯ ಒಂದೇ ಮಾತು: ಪ್ರವೇಶ ಶುಲ್ಕ, ಪಣ, ಗೆದ್ದವರಿಗೆ ದುಡ್ಡು ಯಾವುದೂ ಬೇಡ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಬಂದ ಕೇಂದ್ರ ಕಾಯ್ದೆ ನಿಷೇಧಿಸಿದೆ. ದುಡ್ಡಿಲ್ಲದೆ ಗೆಳೆಯರು ಆಡುವ ಇಂಥ ಆಟಕ್ಕೆ ಅದರ ಗೊಡವೆಯಿಲ್ಲ. ಶಾಲೆಯ ಮಕ್ಕಳಿದ್ದರೆ ಮನೆಯವರಿಗೆ ತಿಳಿಸಿಯೇ ಸೇರಿಸಿ. ವಾಟ್ಸಾಪ್, ಡಿಸ್ಕಾರ್ಡ್ ಎರಡೂ 13 ವರ್ಷದೊಳಗಿನವರಿಗಿಲ್ಲ.

ನಕ್ಷತ್ರಕ್ಕೂ ನಮಗೂ ಏನು ಸಂಬಂಧ ಎಂದು ಹಿರಿಯರು ಬೈದರೆ ಉತ್ತರ ಇಟ್ಟುಕೊಂಡಿರಿ. ಕಲಬುರಗಿಯಿಂದ ಆಳಿದ ಫಿರೋಜ್ ಶಾ ಬಹಮನಿ 1407ರಲ್ಲಿ ದೌಲತಾಬಾದಿನ ಬಳಿ ನಕ್ಷತ್ರ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದ. ಖಗೋಳ ಪಂಡಿತ ತೀರಿಕೊಂಡದ್ದರಿಂದ ಅದು ಅರ್ಧಕ್ಕೇ ನಿಂತಿತು. ಅದೇ ಸುಲ್ತಾನ ಭೀಮೆಯ ದಂಡೆಗೆ ಕಟ್ಟಿದ ಫಿರೋಜಾಬಾದಿನ ಗೋಡೆಗಳು ಕಲಬುರಗಿ–ಜೇವರ್ಗಿ ದಾರಿಯ ಆಸುಪಾಸಿನಲ್ಲೇ ಇವೆ. ರಜೆಗೆ ಊರಿಗೆ ಬಂದಾಗ ಆಟದವರೆಲ್ಲ ಕೂಡಿ ಒಮ್ಮೆ ನೋಡಿ ಬನ್ನಿ, ಪಾಳುಬಿದ್ದ ರಾಜಧಾನಿಯೊಂದನ್ನು ಬರೆಯಲು ಬೇಕಾದದ್ದೆಲ್ಲ ಅಲ್ಲಿದೆ.

ಶುರು ಮಾಡಲು ಒಳ್ಳೆಯ ಕಾಲ ತೊಗರಿ ರಾಶಿ ಮುಗಿದ ಮೇಲೆ, ಫೆಬ್ರವರಿ. ಬಿತ್ತನೆಗೆ ಮುಂಚೆ ಹನ್ನೆರಡು ವಾರದ ಒಂದು ಅಧ್ಯಾಯ ಮುಗಿಸಿ, ಪರೀಕ್ಷೆಯ ವಾರಗಳನ್ನು ಬಿಟ್ಟುಕೊಡಿ, ಮುಂದಿನ ಅಧ್ಯಾಯಕ್ಕೆ ಸಾರಥಿಯನ್ನು ಬದಲಿಸಿ. ಮುಗಿದ ದಿನವೇ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ದಫ್ತರದ ಜೊತೆ ಎರಡು ಬೇರೆ ಬೇರೆ ಕಡೆ ಇಟ್ಟುಕೊಳ್ಳಿ. ಟೆಲಿಗ್ರಾಮಿನಲ್ಲಿ ಈ ಸೌಲಭ್ಯ ಇರುವುದು ಕಂಪ್ಯೂಟರಿನ ಆವೃತ್ತಿಯಲ್ಲಿ, ಆದ್ದರಿಂದ ಲ್ಯಾಪ್‌ಟಾಪ್ ಇರುವ ಒಬ್ಬರಾದರೂ ತಂಡದಲ್ಲಿರಲಿ.